ಹೂಂ ಅಂದವರು ಯಾರು

ಅವತ್ತು ಏನೂ ವಿಶೇಷ ಇರಲಿಲ್ಲ. ಅದಕ್ಕೇ ಇಷ್ಟು ಚೆನ್ನಾಗಿ ನೆನಪಿದೆ.

ನಮ್ಮವರು ದೊಡ್ಡ ಮೇಜಿನ ಮೇಲೆ ಬಾಗಿ ಗಾಜು ಕೊಯ್ಯುತ್ತಿದ್ದರು. ನಾನು ಹಿಂದುಗಡೆ ಮಣೆ ಹಾಕಿಕೊಂಡು ಕೂತು ಒಂದು ಫೋಟೋಗೆ ಕಟ್ಟು ಹಾಕುತ್ತಿದ್ದೆ. ನಮ್ಮದು ಕನ್ನಡಿ ಅಂಗಡಿ. ಕಿಟಕಿಗೆ ಗಾಜು, ಬಚ್ಚಲಿಗೆ ಕನ್ನಡಿ, ಬಟ್ಟೆ ಅಂಗಡಿಗೆ ನಿಲುವುಗನ್ನಡಿ. ಉದ್ದ ಅಂಗಡಿ, ಅಗಲ ಕಡಿಮೆ. ಎರಡೂ ಗೋಡೆಗೆ ಕನ್ನಡಿ ಒರಗಿಸಿಟ್ಟರೆ ನಡುವೆ ಒಬ್ಬರು ನಡೆಯುವಷ್ಟು ಜಾಗ. ನಡೆದರೆ ಒಬ್ಬರಲ್ಲ, ಒಂದು ಮೆರವಣಿಗೆ.

ಗಾಜಿನ ಮೇಲೆ ಗೆರೆ ಎಳೆಯುವಾಗ ಉಸಿರು ಬಿಡಬಾರದು. ಬಿಟ್ಟರೆ ಕೈ ಅಲುಗುತ್ತದೆ, ಗೆರೆ ಹಲ್ಲುಹಲ್ಲಾಗುತ್ತದೆ. ಉಸಿರು ಹಿಡಿದವರಿಗೆ ಮಾತು ಎಲ್ಲಿಂದ ಬರಬೇಕು? ನಮ್ಮವರು ಕೇಳಿದ್ದಕ್ಕೆಲ್ಲ ಗಂಟಲಲ್ಲೇ ಉತ್ತರ ಕೊಡುತ್ತಿದ್ದರು. ಹೌದಾದರೆ ಹೂಂ. ಅಲ್ಲವಾದರೆ ಊಹೂಂ. ಆ ಅಭ್ಯಾಸ ಮೈಗೆ ಹತ್ತಿ, ಕೆಲಸ ಇಲ್ಲದಾಗಲೂ ಅಷ್ಟೇ ಮಾತು. ಬೀದಿಯಲ್ಲಿ ಅವರಿಗೆ ಹೂಂಕಾರ ಅಂತಲೇ ಹೆಸರು. ನನ್ನನ್ನು ಮದುವೆಯಾಗಲು ಒಪ್ಪಿಗೆಯಾ ಅಂತ ಕೇಳಿದಾಗಲೂ ಹೂಂ ಅಂದದ್ದೇ. ನಮ್ಮಪ್ಪ ಹೆದರಿ, "ಹುಡುಗನಿಗೆ ಬಾಯೊಳಗೆ ನಾಲಿಗೆ ಇದೆಯೋ ಇಲ್ವೋ ಯಾರಾದ್ರೂ ಇಣುಕಿ ನೋಡ್ರೋ" ಅಂದಿದ್ದ.

ಆ ಸಂಜೆ ಬಾಗಿಲು ಹಾಕುವ ಮೊದಲು ಅವರು ಕನ್ನಡಿಗಳನ್ನು ಮಲಗಿಸಿದರು. ಮಲಗಿಸುವುದು ಅಂದರೆ ನೆಲಕ್ಕೆ ಹಾಕುವುದಲ್ಲ. ಒಂದೊಂದನ್ನೂ ತಿರುಗಿಸಿ ಗೋಡೆಗೆ ಮುಖ ಮಾಡಿ ಇಡುವುದು. ಬಾಗಿಲ ಮೇಲಿನ ಜಾಲರಿಯಿಂದ ಗಾಡಿಗಳ ಬೆಳಕು ಒಳಗೆ ಬಿದ್ದರೆ ಕನ್ನಡಿ ಅದನ್ನು ಎದುರು ಮನೆಯವರ ಕಣ್ಣಿಗೆ ಎಸೆಯುತ್ತದೆ, ಜಗಳಕ್ಕೆ ಬರುತ್ತಾರೆ. ಬೆಳಿಗ್ಗೆ ಮತ್ತೆ ಒಂದೊಂದನ್ನೂ ತಿರುಗಿಸಿ ಒರೆಸಿ ಎಬ್ಬಿಸಬೇಕು.

"ನಾಳೆ ಆ ದರ್ಜಿಯ ನಿಲುವುಗನ್ನಡಿ ಮುಗಿಯುತ್ತಾ?" ಅಂತ ಕೇಳಿದೆ.

"ಹೂಂ."

"ಬರ್ತಾ ಸೋಪು ತರಬೇಕು. ನೆನಪಿರುತ್ತಾ?"

"ಊಹೂಂ" ಅಂದು ನಕ್ಕರು.

ಮಾರನೇ ದಿನ ಬೆಳಿಗ್ಗೆ ದರ್ಜಿಯ ಕನ್ನಡಿಯನ್ನು ಮೇಜಿನ ಮೇಲೆ ಹಾಕಿ, ಅಳತೆ ಪಟ್ಟಿ ಇಟ್ಟು, ಉಸಿರು ಎಳೆದುಕೊಂಡು ಗೆರೆ ಹಾಕಲು ಶುರು ಮಾಡಿದರು. ಗೆರೆ ಅರ್ಧಕ್ಕೆ ಬಂತು. ಕೈ ನಿಂತಿತು. ಎಳೆದುಕೊಂಡ ಉಸಿರನ್ನು ಅವರು ಬಿಡಲಿಲ್ಲ. ಕನ್ನಡಿಯ ಮೇಲೆ ಮುಖ ಇಟ್ಟು ಮಲಗಿದರು. ನಾನು ಓಡಿ ಹೋಗಿ ನೋಡಿದಾಗ ಗಾಜಿನ ಮೇಲೆ ಉಸಿರಿನ ಮಬ್ಬು ಕೂಡ ಇರಲಿಲ್ಲ.

ಎಲ್ಲ ಮುಗಿದು ಮತ್ತೆ ಅಂಗಡಿ ತೆಗೆದಾಗ ಕನ್ನಡಿಗಳೆಲ್ಲ ಎದ್ದೇ ಇದ್ದವು. ಮಲಗಿಸುವವರು ಯಾರಿದ್ದರು? ಅಷ್ಟು ದಿನ ಕತ್ತಲಲ್ಲಿ ಒಂದನ್ನೊಂದು ನೋಡುತ್ತ ನಿಂತಿದ್ದವು. ಬಾಗಿಲು ಎತ್ತಿದ ಕೂಡಲೇ ಎಲ್ಲದರಲ್ಲೂ ನಾನು ಕಾಣಿಸಿದೆ. ಒಂದರಲ್ಲಿ ಮಾತ್ರ ನನ್ನ ಹಿಂದೆ ಯಾರೋ ನಿಂತಿದ್ದರು.

ಅವರ ಅಂಗಿ. ಕೆಲಸದ ಅಂಗಿ, ಹಿಂದಿನ ಓಣಿ ಬಾಗಿಲ ಪಕ್ಕದ ಮೊಳೆಯಲ್ಲಿ ನೇತು ಹಾಕಿದ್ದು. ಆ ಬೆಳಿಗ್ಗೆ ಸೆಕೆ ಅಂತ ಬಿಚ್ಚಿ ಹಾಕಿದ್ದರು. ಜೇಬಿನಲ್ಲಿ ಅವರ ಫೋನು ಸತ್ತು ಬಿದ್ದಿತ್ತು. ಚಾರ್ಜಿಗೆ ಹಾಕಿ, ಎಲ್ಲಿಡಬೇಕೋ ತಿಳಿಯದೆ ಮತ್ತೆ ಅದೇ ಜೇಬಿಗೆ ಹಾಕಿದೆ. ಅದು ಇರುತ್ತಿದ್ದದ್ದು ಅಲ್ಲೇ.

ಮರುದಿನ ನಾನು ಕನ್ನಡಿ ಎಬ್ಬಿಸುತ್ತಿದ್ದಾಗ ಅಂಗಿಯ ಎದೆ ಬೆಳಗಿತು. ಫೋನು ಹೊಡೆದುಕೊಳ್ಳುತ್ತಿತ್ತು. ಎಬ್ಬಿಸಿದ ಕನ್ನಡಿಗಳಲ್ಲೆಲ್ಲ ಎದೆ ಬೆಳಗುವ ಅಂಗಿಗಳು. ತೆಗೆದು ಕಿವಿಗಿಟ್ಟೆ.

"ನಮಸ್ಕಾರ" ಅಂದಿತು ಒಂದು ಹೆಣ್ಣು ದನಿ. ಸ್ವಲ್ಪ ತಡೆದು ಅವರ ಹೆಸರು ಹೇಳಿತು. ಹೆಸರು ಮಾತ್ರ ಬೇರೆ ಕಡೆಯಿಂದ ಕತ್ತರಿಸಿ ತಂದು ಹೊಲಿದ ಹಾಗಿತ್ತು. "ಅಭಿನಂದನೆಗಳು ಸರ್. ನೀವು ನಮ್ಮ ನಂಬಿಕೆಯ ಗ್ರಾಹಕರು. ನಿಮಗಾಗಿ ಸಾಲ ಮಂಜೂರಾಗಿದೆ."

ಮೆಷಿನ್ನು ಮಾತಾಡುವುದು ಅಂತ ಗೊತ್ತಾಯಿತು. ಆದರೂ ಕೊನೆಯವರೆಗೂ ಕೇಳಿದೆ. ಆ ಹೊತ್ತಿಗೆ ಅವರ ಹೆಸರನ್ನು ಯಾರೂ ಹೇಳುತ್ತಿರಲಿಲ್ಲ. ಬಂದವರೆಲ್ಲ 'ಅವರು', 'ಹೋದವರು', 'ಪಾಪ' ಅನ್ನುತ್ತಿದ್ದರು. ಇದೊಂದು ಮಾತ್ರ ಅವರು ಎದುರಿಗೇ ಇದ್ದಾರೆ ಅನ್ನುವಂತೆ ಹೆಸರು ಹಿಡಿದು ಕರೆಯಿತು. ಆಮೇಲೆ ದಿನಾ ಬೆಳಿಗ್ಗೆ ಕರೆಯಿತು. ನಾನು ಅದಕ್ಕೆ ಕಾಯತೊಡಗಿದೆ.

ಅಂಗಡಿ ಮಾಲೀಕರು ಒಳ್ಳೆಯವರೇ. ದುಃಖದ ಕಾಲ ಅಂತ ಸ್ವಲ್ಪ ದಿನ ಬಿಟ್ಟು ಬಂದರು. ಸ್ಟೂಲಿನ ಮೇಲೆ ಕೂತು, ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

"ನೋಡಮ್ಮ, ಕರಾರು ಇದ್ದದ್ದು ನಿನ್ನ ಯಜಮಾನರ ಹೆಸರಲ್ಲಿ. ಅವರೇ ಇಲ್ಲ ಅಂದ್ಮೇಲೆ ಹೊಸದು ಬರೀಬೇಕು. ಅವರು ಕೊಟ್ಟಿದ್ದ ಅಡ್ವಾನ್ಸು ಆ ಕಾಲದ್ದು, ಈಗ ಅದು ಸಾಸಿವೆಯಷ್ಟು. ಈಗಿನ ರೇಟು ಕೊಡ್ತೀಯಾ, ಅಂಗಡಿ ನಿಂದೇ. ಇಲ್ಲಾಂದ್ರೆ ಮೊಬೈಲ್ ರಿಪೇರಿಯವನು ಬಾಗಿಲಲ್ಲೇ ನಿಂತಿದ್ದಾನೆ."

"ಎಷ್ಟು ದಿನ ಟೈಮು ಕೊಡ್ತೀರಿ?"

"ಮುಂದಿನ ಬಾಡಿಗೆ ಹೊತ್ತಿಗೆ ಹೇಳು."

ನನಗೆ ಆ ಅಂಗಡಿ ಬಿಟ್ಟು ಬೇರೆ ಕೆಲಸ ಬಾರದು. ಕಟ್ಟು ಹಾಕುತ್ತೇನೆ, ಸಣ್ಣ ಗಾಜು ಕೊಯ್ಯುತ್ತೇನೆ. ಅಂಗಡಿ ಹೋದರೆ ನನ್ನ ಊಟ ಹೋಯಿತು, ನಮ್ಮ ವ್ಯಾನು ಓಡಿಸುವ ಮೈದುನನ ಊಟವೂ ಹೋಯಿತು. ಅದಕ್ಕಿಂತ ಹೆಚ್ಚಾಗಿ, ಆ ಮೇಜು ಹೋಯಿತು. ಅವರು ಮುಖ ಇಟ್ಟ ಮೇಜು.

ಅವರ ಖಾತೆ ಇದ್ದ, ಆ ಫೋನು ಬರುತ್ತಿದ್ದ ಬ್ಯಾಂಕಿಗೇ ಹೋದೆ. ಕೌಂಟರಿನ ಮುಂದಿನ ಗಾಜು ಹಾಕಿದ್ದು ನಮ್ಮವರೇ. ಮೂಲೆ ಉಜ್ಜಿ ದುಂಡು ಮಾಡಿದ್ದು ನೋಡಿ ಗುರುತು ಹಿಡಿದೆ. ಗಾಜಿನ ಆ ಕಡೆ ಒಬ್ಬ ಚಿಕ್ಕ ವಯಸ್ಸಿನ ಆಫೀಸರಮ್ಮ. ನನ್ನ ಗುರುತಿನ ಕಾರ್ಡು ತೆಗೆದುಕೊಂಡು ಏನೋ ಒತ್ತಿದಳು. ಕಾದಳು. ಮತ್ತೆ ಒತ್ತಿದಳು.

"ಅಮ್ಮ, ನೀವು ಕಾಣಿಸ್ತಾ ಇಲ್ಲ."

"ಇಲ್ಲೇ ಇದ್ದೀನಲ್ಲ ತಾಯಿ."

"ಇದರಲ್ಲಿ ಕಾಣಿಸ್ತಾ ಇಲ್ಲ. ಮೊದಲು ಯಾವತ್ತಾದ್ರೂ ಸಾಲ ಮಾಡಿದ್ರಾ? ಕಂತಲ್ಲಿ ಏನಾದ್ರೂ ತಗೊಂಡಿದ್ರಾ? ಒಂದು ಫ್ಯಾನು, ಒಂದು ಫ್ರಿಜ್ಜು?"

"ಒಂದು ಕಾಸು ಸಾಲ ಮಾಡಿದವಳಲ್ಲ ನಾನು." ತಲೆ ಎತ್ತಿಯೇ ಹೇಳಿದೆ. ನಮ್ಮ ಮನೆಯಲ್ಲಿ ಅದು ಮರ್ಯಾದೆಯ ಮಾತು. ವ್ಯಾನಿನ ಕಂತು, ಬಾಡಿಗೆ, ಗಾಜಿನ ಲೋಡು, ಎಲ್ಲ ಅವರ ಹೆಸರಲ್ಲಿ. ಮನೆಗೊಂದು ಹೆಸರು ಸಾಕು ಅಂತ ಇದ್ದೆವು.

ಅವಳು ಹಣೆ ಉಜ್ಜಿಕೊಂಡಳು. "ಹೇಗೆ ಹೇಳ್ಲಿ ಅಮ್ಮ. ನೀವು ಮಾಡಿರೋ ಸಾಲ ಸಾಲದು."

"ಮಾಡೇ ಇಲ್ಲ ಅಂದ್ನಲ್ಲ."

"ಅದಕ್ಕೇ ಸಾಲದು."

ಇಬ್ಬರಿಗೂ ನಗು ಬಂತು. ನನ್ನದು ಬೇಗ ನಿಂತಿತು.

"ನೀವು ಸಾಲ ತೀರಿಸೋರೋ ಅಲ್ವೋ ಅಂತ ಇದಕ್ಕೆ ಗೊತ್ತಾಗಬೇಕಾದ್ರೆ ಮೊದಲು ನೀವು ಸಾಲ ಮಾಡಿರಬೇಕು. ಮಾಡದೇ ಇರೋರು ಒಳ್ಳೆಯವರೂ ಅಲ್ಲ, ಕೆಟ್ಟವರೂ ಅಲ್ಲ. ಇಲ್ಲವೇ ಇಲ್ಲ, ಅಷ್ಟೇ. ನಿಮ್ಮ ಯಜಮಾನ್ರು ಏನು ಮಾಡ್ತಾರೆ?"

"ಗಾಜಿನ ಕೆಲಸ ಮಾಡ್ತಾರೆ."

ಬಾಯಿಗೆ ಬಂದದ್ದು ಅದು. ಅವಳು ಅವರ ಹೆಸರು ಕೇಳಿ ಒತ್ತಿದಳು. ಈ ಸಲ ಕಾಯಬೇಕಾಗಲಿಲ್ಲ. ಅವಳ ಕನ್ನಡಕದಲ್ಲಿ ಪರದೆ ಪೂರ್ತಿ ತುಂಬಿದ್ದು ಕಾಣಿಸಿತು.

"ಅಯ್ಯೋ, ಸಾಲ ತೀರಿಸೋದರಲ್ಲಿ ಇಷ್ಟು ಒಳ್ಳೆ ಅಂಕ ಇದೆಯಲ್ಲಮ್ಮ! ವ್ಯಾನಿನ ಕಂತು ಒಂದು ದಿನವೂ ತಪ್ಪಿಲ್ಲ. ಹೋದ ತಿಂಗಳಿಗಿಂತ ಈ ತಿಂಗಳು ಇನ್ನೂ ಏರಿದೆ. ನೀವ್ಯಾಕೆ ಓಡಾಡ್ತೀರಿ? ಅವರನ್ನೇ ಕಳಿಸಿ."

ಕಂತು ಅವರ ಖಾತೆಯಿಂದ ತಾನಾಗಿಯೇ ಹೋಗುತ್ತಿತ್ತು. ನಾನು ಖಾತೆಯ ಸುದ್ದಿಗೇ ಹೋಗಿರಲಿಲ್ಲ. ಸತ್ತ ಮೇಲೂ ಅವರು ತಪ್ಪದೆ ಕಟ್ಟುತ್ತಿದ್ದರು, ಮೇಲೆ ಮೇಲೆ ಹೋಗುತ್ತಿದ್ದರು. ಕುರ್ಚಿಯಲ್ಲಿ ಕೂತ ನಾನು ಇರಲಿಲ್ಲ. ಎದ್ದು ಬರುವಾಗ ಆ ಗಾಜಿನಲ್ಲಿ ನನ್ನ ನೆರಳು ಹುಡುಕಿದೆ. ಅವಳ ಕಡೆ ದೀಪ ಜೋರಾಗಿತ್ತು. ನೆರಳು ಕಾಣಲಿಲ್ಲ.

ಮೈದುನ ಕೇಳಿ ತೊಡೆ ತಟ್ಟಿದ. "ಅತ್ತಿಗೆ, ಬದುಕಿರೋ ನಿಮಗೆ ಬ್ಯಾಂಕು ಮುಖ ಕೊಡಲ್ಲ, ಅಣ್ಣನ ಕಾಲು ಹಿಡ್ಕೊಂಡು ಬೇಡ್ತಾ ಇದೆ. ಒಂದು ಸಲ ಹೂಂ ಅಂದುಬಿಡಿ."

"ಯಾರು ಅನ್ನೋದು?"

"ಯಾರಾದ್ರೂ. ಅದೇನು ಮುಖ ನೋಡುತ್ತಾ?"

"ಬಾಯಿ ಮುಚ್ಚೋ" ಅಂದೆ.

ಮಾರನೇ ಬೆಳಿಗ್ಗೆ ಅಂಗಿಯ ಎದೆ ಮತ್ತೆ ಬೆಳಗಿತು. ಅದೇ ದನಿ, ಅದೇ ಹೊಲಿದ ಹೆಸರು. ಕೊನೆಗೆ ಹೊಸದೊಂದು ಮಾತು ಸೇರಿತ್ತು. "ಸಾಲ ಬೇಕಿದ್ದರೆ ಹೂಂ ಎಂದು ಹೇಳಿ ಸರ್."

ಅಂಗಡಿಯಲ್ಲಿ ನಾನೊಬ್ಬಳೇ. ಅರ್ಧ ಕನ್ನಡಿ ಎದ್ದಿದ್ದವು, ಅರ್ಧ ಇನ್ನೂ ಗೋಡೆ ನೋಡುತ್ತಿದ್ದವು. ಮೆಷಿನ್ನು ಕಾಯುತ್ತಿತ್ತು. ಮನುಷ್ಯರು ಕಾಯುವಾಗ ಉಸಿರಾದರೂ ಕೇಳಿಸುತ್ತದೆ. ಇದರಲ್ಲಿ ಅದೂ ಇಲ್ಲ.

"ಊಹೂಂ" ಅಂದೆ.

"ಧನ್ಯವಾದಗಳು ಸರ್. ನಿಮ್ಮ ಒಪ್ಪಿಗೆ ನಮಗೆ ಸಿಕ್ಕಿದೆ."

ಫೋನು ಕೈ ಜಾರಿತು. ನೆಲದ ಮೇಲೆ ಬಿದ್ದೇ ಹೊಳೆಯಿತು. ಒಂದು ಮೆಸೇಜು ಬಂದಿತ್ತು. ಅದರಲ್ಲಿ ಒಂದು ಸಂಖ್ಯೆ. ಸಂಜೆಯೊಳಗೆ ಆ ಸಂಖ್ಯೆ ಒತ್ತಿದರೆ ದುಡ್ಡು ಅವರ ಖಾತೆಗೆ ಬರುತ್ತದೆ.

ಮೈದುನ ಬಂದು ಓದಿ ಹೇಳಿದ. ಅವನ ಮುಖ ಮೊದಲು ಬಿಳಿಚಿತು, ಆಮೇಲೆ ಅರಳಿತು.

"ನಾನು ಊಹೂಂ ಅಂದದ್ದು ಕಣೋ."

"ಅದಕ್ಕೆ ಹೂಂ ಅಂತ ಕೇಳಿಸಿದೆ. ಊಹೂಂ ಒಳಗೆ ಹೂಂ ಇದೆಯಲ್ಲ ಅತ್ತಿಗೆ. ಮುಂದಿನದು ಬಿಟ್ಟು ಹಿಂದಿನದು ಹಿಡ್ಕೊಂಡಿದೆ."

ಇರಬಹುದು. ಆದರೆ ನನ್ನದು ಹೆಣ್ಣು ದನಿ. ಅದು ಸರ್ ಅಂದಿತು. ನಾನು ಊ ಅಂದೆ, ಸರಿ. ಹೂಂ ಅಂದವರು ಯಾರು?

ಮೊಳೆಯ ಕಡೆ ನೋಡಲಿಲ್ಲ. ಕನ್ನಡಿಯ ಕಡೆಯೂ ನೋಡಲಿಲ್ಲ. ಅಂಥ ಅಂಗಡಿಯಲ್ಲಿ ಎಲ್ಲೂ ನೋಡದೆ ಇರಬೇಕಾದರೆ ನೆಲವನ್ನೇ ನೋಡಬೇಕು.

"ಅಣ್ಣನೇ ದಾರಿ ತೋರಿಸ್ತಾ ಇದ್ದಾನೆ ಅಂದ್ಕೊಳ್ಳಿ" ಅಂದ ಮೈದುನ. ಅವನ ದನಿ ಮೆತ್ತಗಾಗಿತ್ತು. "ಅಡ್ವಾನ್ಸು ಕಟ್ಟೋಣ. ಕಂತು ನಾವೇ ಕಟ್ಟೋಣ, ಒಂದೂ ತಪ್ಪಿಸೋದು ಬೇಡ. ಯಾರಿಗೆ ಮೋಸ?"

"ತಪ್ಪದೆ ಕಟ್ಟಿದ್ರೆ ಒಳ್ಳೇ ಹೆಸರು ಯಾರಿಗೆ ಬರುತ್ತೆ?"

"ಅಣ್ಣನಿಗೆ."

"ಆಮೇಲೆ?"

"ಆಮೇಲೇನು, ಇನ್ನೂ ದೊಡ್ಡ ಸಾಲ ಕೊಡ್ತಾರೆ."

"ಯಾರಿಗೆ?"

ಅವನು ಮೊಳೆಯ ಮೇಲಿನ ಅಂಗಿಯ ಕಡೆ ನೋಡಿದ.

ಹಾಗೇ ಹೋದರೆ ಅವರು ಸಾಯುವುದೇ ಇಲ್ಲ. ನಾನು ಹುಟ್ಟುವುದೇ ಇಲ್ಲ. ಅವರು ಸಾಯದಿದ್ದರೆ ನನಗೆ ಬೇಡವಾ? ಬೇಕು. ಆ ಮಧ್ಯಾಹ್ನ ಎಷ್ಟು ಬೇಕು ಅನ್ನಿಸಿತು ಅಂದರೆ, ಫೋನು ಕೈಗೆ ತೆಗೆದುಕೊಂಡು ಸಂಖ್ಯೆಯ ಮೊದಲ ಅಂಕಿ ಒತ್ತಿಯೂ ಬಿಟ್ಟೆ.

ದರ್ಜಿಯ ಕನ್ನಡಿ ಆಗಲೂ ಮೇಜಿನ ಮೇಲೇ ಇತ್ತು. ಅರ್ಧ ಗೆರೆ ಎಳೆದದ್ದು. ಅದನ್ನು ಯಾರೂ ಮುಟ್ಟಿರಲಿಲ್ಲ. ಗೆರೆ ಎಳೆದ ಮೇಲೆ ತಡ ಮಾಡಬಾರದು, ಗೆರೆ ತಣ್ಣಗಾಗುತ್ತದೆ ಅಂತ ನಮ್ಮ ಕೆಲಸದಲ್ಲಿ ಒಂದು ಮಾತಿದೆ. ಬಿಸಿ ಇದ್ದಾಗ ಮುರಿದರೆ ಗೆರೆಯುದ್ದಕ್ಕೂ ನೇರ ಮುರಿಯುತ್ತದೆ. ತಣ್ಣಗಾದ ಮೇಲೆ ಮುರಿದರೆ ತನಗೆ ಬೇಕಾದ ಕಡೆ ಹೋಗುತ್ತದೆ, ಕೈ ಸೀಳುತ್ತದೆ. ನಾನು ಬೆರಳಿಂದ ಆ ಗೆರೆ ಮುಟ್ಟಿದೆ. ತಣ್ಣಗಿತ್ತು.

ಫೋನು ಅಂಗಿಯ ಜೇಬಿಗೆ ಹಾಕಿದೆ. ಮೈದುನನಿಗೆ "ವ್ಯಾನು ತೆಗಿ" ಅಂದೆ. ಮನೆಯಿಂದ ಅವರ ಮರಣ ಪ್ರಮಾಣಪತ್ರ ತೆಗೆದುಕೊಂಡು ಬ್ಯಾಂಕು ಮುಚ್ಚುವ ಮೊದಲು ಹೋದೆ.

ಆಫೀಸರಮ್ಮ ಪತ್ರ ಓದಿದಳು. ತಾರೀಖು ಓದಿದಳು. ಅವಳ ಮುಖದ ಬಣ್ಣ ಇಳಿಯಿತು.

"ನಿನ್ನೆ ಯಾಕೆ ಹೇಳ್ಲಿಲ್ಲ ಅಮ್ಮ?"

"ನೀನು ಏನು ಮಾಡ್ತಾರೆ ಅಂತ ಕೇಳಿದೆ. ಇದ್ದಾರಾ ಅಂತ ಕೇಳ್ಲಿಲ್ಲ."

ನಾನು ಬೆಳಿಗ್ಗೆ ಬಂದ ಮೆಸೇಜಿನ ಸಂಗತಿ ಹೇಳಿದೆ. ಅದನ್ನು ತಡೆಯುತ್ತೇನೆ ಅಂದಳು. ತುಂಬ ಹೊತ್ತು ಒತ್ತಿದಳು, ಎದ್ದು ಹೋಗಿ ಯಾರನ್ನೋ ಕೇಳಿ ಬಂದಳು.

"ಖಾತೆಯಲ್ಲಿ ಇರೋದರಲ್ಲಿ ವ್ಯಾನಿನ ಬಾಕಿ ತೀರುತ್ತೆ. ಸ್ವಲ್ಪ ಮಿಗುತ್ತೆ, ಅದು ನಿಮಗೆ. ಇದನ್ನು ಒತ್ತಿದ್ರೆ ಅವರ ಹೆಸರಲ್ಲಿ ನಡೆಯೋದೆಲ್ಲ ನಿಲ್ಲುತ್ತೆ ಅಮ್ಮ. ಫೋನು, ಮೆಸೇಜು, ಅಂಕ, ಎಲ್ಲ. ಒತ್ತಲಾ?"

ದಿನಾ ಬೆಳಿಗ್ಗೆ ಬರುವ ಆ ಹೊಲಿದ ಹೆಸರು ನೆನಪಾಯಿತು. ಇನ್ನು ಅದನ್ನು ಹೇಳುವವರು ಯಾರು? ಮಾತಾಡಲು ಹೋದೆ, ಬಾಯಿ ಬರಲಿಲ್ಲ. ಉಸಿರು ಹಿಡಿದಿದ್ದೆ.

"ಹೂಂ."

ಗಂಟಲಿಂದ ಬಂತು. ದಪ್ಪ ದನಿ. ಆಫೀಸರಮ್ಮ ನನ್ನ ಮುಖ ನೋಡಲಿಲ್ಲ. ನನ್ನ ಹೆಗಲ ಹಿಂದೆ ನೋಡಿದಳು. ಒಂದು ಗಳಿಗೆ ಅಷ್ಟೇ. ಆಮೇಲೆ ಒತ್ತಿದಳು.

ಮಿಕ್ಕ ದುಡ್ಡಿನ ವಿಷಯ ಅವಳೇ ಎತ್ತಿದಳು. "ಇದನ್ನ ಖರ್ಚು ಮಾಡ್ಬೇಡಿ. ನಿಮ್ಮ ಹೆಸರಲ್ಲಿ ಠೇವಣಿ ಇಡಿ. ಅದರ ಮೇಲೆ ಒಂದು ಸಣ್ಣ ಕ್ರೆಡಿಟ್ ಕಾರ್ಡು ಕೊಡ್ತೀನಿ. ತಿಂಗಳಿಗೆ ಸ್ವಲ್ಪ ಸಾಲ ಮಾಡಿ, ಗಡುವಿಗೆ ಮೊದಲೇ ಪೂರ್ತಿ ತೀರಿಸಿ. ಕಾರ್ಡಲ್ಲಿ ಇದೆ ಅಂತ ಎಲ್ಲ ಉಜ್ಜಬೇಡಿ. ಹೀಗೇ ಮಾಡ್ತಾ ಹೋದ್ರೆ ನೀವು ಕಾಣಿಸ್ತೀರಿ."

"ನನ್ನ ದುಡ್ಡು ಒತ್ತೆ ಇಟ್ಟು, ಅದರ ಮೇಲೆ ನಾನೇ ಸಾಲ ಮಾಡಿ, ಬಡ್ಡಿ ಹುಟ್ಟೋ ಮೊದಲೇ ತೀರಿಸೋದಾ? ಇದೆಂಥ ಮಕ್ಕಳಾಟ?"

"ಆಟಾನೇ ಅಮ್ಮ. ಆದ್ರೆ ಆಟ ನೋಡೋರು ಇದ್ದಾರೆ."

"ಯಾರು?"

ಅವಳು ಪರದೆಯ ಕಡೆ ಕೈ ತೋರಿಸಿದಳು.

ಅಡ್ವಾನ್ಸಿಗೆ ದುಡ್ಡು ಹುಟ್ಟಲಿಲ್ಲ. ಮಾಲೀಕರ ಮನೆಗೆ ಹೋಗಿ ಅಂಗಡಿಯನ್ನು ಅಡ್ಡಕ್ಕೆ ಎರಡು ಮಾಡಿ ಅಂದೆ. "ಮುಂದಿನ ಅರ್ಧ ರಿಪೇರಿಯವನಿಗೆ ಕೊಡಿ, ಹಿಂದಿನ ಅರ್ಧ ನನಗೆ. ಓಣಿ ಕಡೆ ಬಾಗಿಲಿದೆಯಲ್ಲ, ನಾನು ಅದರಲ್ಲೇ ಬರ್ತೀನಿ. ಅರ್ಧಕ್ಕೆ ಹಳೇ ಅಡ್ವಾನ್ಸು ಸಾಕಲ್ಲ?"

"ಓಣಿಯೊಳಗೆ ಯಾರಮ್ಮ ಕನ್ನಡಿ ತಗೊಳ್ಳೋಕೆ ಬರ್ತಾರೆ?"

"ಮುಖ ಇರೋರು ಬರ್ತಾರೆ" ಅಂದೆ.

ಅವರು ನಕ್ಕು ಒಪ್ಪಿದರು. ಮೈದುನ ನಗಲಿಲ್ಲ. ಆ ಸಂಖ್ಯೆ ಒತ್ತಿದ್ದರೆ ಪೂರ್ತಿ ಅಂಗಡಿ ಉಳಿಯುತ್ತಿತ್ತು ಅಂತ ಅವನ ಲೆಕ್ಕ. ಈಗ ವ್ಯಾನಿನಲ್ಲಿ ಬೇರೆಯವರ ಸಾಮಾನೂ ಹೊರುತ್ತಾನೆ. ಆದರೆ ಮೇಜನ್ನು ಹಿಂದಕ್ಕೆ ಸಾಗಿಸಿ ಕೊಟ್ಟವನು ಅವನೇ. ಅರ್ಧ ಗೆರೆಯ ಆ ಕನ್ನಡಿಯನ್ನು ಮೇಲಿಂದ ಇಳಿಸದೆ, ಮೇಜಿನ ಸಮೇತ ಹೆಜ್ಜೆ ಹೆಜ್ಜೆಗೆ ಎತ್ತಿ ಇಟ್ಟ.

ಮೊದಲನೇ ಸಲ ಕಾರ್ಡು ಕೊಟ್ಟು ಅಂಟು, ಸಣ್ಣ ಮೊಳೆ ತಂದಾಗ ಕದ್ದ ಹಾಗೆ ಅನ್ನಿಸಿತು. ಗಡುವಿಗೆ ಎಷ್ಟೋ ಮೊದಲೇ ಹೋಗಿ ಕಟ್ಟಿದೆ. "ಇನ್ನೂ ಬಿಲ್ಲೇ ಬಂದಿಲ್ಲ, ಹೋಗಿ ಅಮ್ಮ" ಅಂತ ಕಳಿಸಿದರು. ಬಿಲ್ಲು ಬಂದ ಮೇಲೆ ಕಟ್ಟಿದೆ. ಮತ್ತೆ ತಂದೆ, ಮತ್ತೆ ಕಟ್ಟಿದೆ. ಏನೂ ಆಗಲಿಲ್ಲ. ಕತ್ತಲ ಬಾವಿಗೆ ಕಲ್ಲು ಹಾಕಿ ಸದ್ದಿಗೆ ಕಾದ ಹಾಗೆ. ಫೋನು ಅಂಗಿಯ ಜೇಬಿನಲ್ಲೇ ಇತ್ತು, ಎದೆ ಬೆಳಗಲಿಲ್ಲ. ಕೊನೆಗೊಂದು ದಿನ ಅದನ್ನು ತೆಗೆದು ಪೆಟ್ಟಿಗೆಗೆ ಹಾಕಿದೆ.

ಆಮೇಲೆ ಒಮ್ಮೆ ಬ್ಯಾಂಕಿಗೆ ಹೋದಾಗ ಆಫೀಸರಮ್ಮ ದೂರದಿಂದಲೇ ಕೈ ಬೀಸಿದಳು. "ಬನ್ನಿ ಅಮ್ಮ, ಬನ್ನಿ. ಬಂದಿದ್ದೀರಿ ನೋಡಿ!" ಪರದೆಯನ್ನು ನನ್ನ ಕಡೆ ತಿರುಗಿಸಿದಳು, ನಾವು ಕನ್ನಡಿ ತಿರುಗಿಸುವ ಹಾಗೆ. ನನ್ನ ಹೆಸರು, ಅದರ ಮುಂದೆ ಒಂದು ಅಂಕ. ದೊಡ್ಡದೇನಲ್ಲವಂತೆ. ನಮ್ಮವರದರ ಹತ್ತಿರಕ್ಕೂ ಬರುವುದಿಲ್ಲ.

"ಮುಂದಿನ ವರ್ಷಕ್ಕೆ ಸಣ್ಣ ಸಾಲ ಸಿಗಬಹುದು. ಖುಷಿನಾ?"

ಆ ವಾರವೇ ನನ್ನ ಫೋನು ಹೊಡೆದುಕೊಂಡಿತು. ಅದೇ ಹೆಣ್ಣು ದನಿ. "ನಮಸ್ಕಾರ" ಅಂದಿತು. ಸ್ವಲ್ಪ ತಡೆದು ನನ್ನ ಹೆಸರು ಹೇಳಿತು. ಹೊಲಿದದ್ದು. "ಸಾಲ ಬೇಕಿದ್ದರೆ ಹೂಂ ಎಂದು ಹೇಳಿ ಮೇಡಂ."

ಹೂಂ ಅನ್ನಲಿಲ್ಲ. ಊಹೂಂ ಅಂತಲೂ ಅನ್ನಲಿಲ್ಲ. ಉಸಿರು ಹಿಡಿದು ನಿಂತೆ, ಅದು ಸಾಕಾಗಿ ತಾನೇ ಕಡಿದುಕೊಳ್ಳುವವರೆಗೆ.

ದಿನಾ ಬೆಳಿಗ್ಗೆ ಓಣಿಯ ಬಾಗಿಲು ತೆಗೆದು ಕನ್ನಡಿ ಎಬ್ಬಿಸುತ್ತೇನೆ. ಈಗ ಕನ್ನಡಿ ಕಡಿಮೆ, ಬೇಗ ಆಗುತ್ತದೆ. ಒರೆಸಲು ಹಳೇ ಹತ್ತಿ ಬಟ್ಟೆಯೇ ಆಗಬೇಕು, ಹೊಸದು ಗೀರುತ್ತದೆ. ಅವರ ಅಂಗಿ ಅದಕ್ಕೆ ಚೆನ್ನಾಗಿದೆ. ಹರಿದು ತುಂಡು ಮಾಡಿಲ್ಲ, ಇಡೀ ಅಂಗಿಯಲ್ಲೇ ಒರೆಸುತ್ತೇನೆ. ಒರೆಸುವಾಗ ಖಾಲಿ ತೋಳು ಕನ್ನಡಿಯೊಳಗೆ ಮೇಲೆ ಕೆಳಗೆ ಆಡುತ್ತದೆ. ಅರ್ಧ ಗೆರೆಯ ಕನ್ನಡಿಯನ್ನು ಕೊನೆಗೆ ಒರೆಸುತ್ತೇನೆ, ಗೆರೆಯ ಮೇಲೆ ಒತ್ತದೆ. ಆ ಹೊತ್ತಿಗೆ ಓಣಿಗೆ ಬಿಸಿಲು ಬಂದಿರುತ್ತದೆ. ಬಿಸಿಲಿಗೆ ಗಾಜು ಒಳಗೊಳಗೇ ಸಣ್ಣಗೆ, ಯಾರೋ ಗಂಟಲಲ್ಲೇ ಅಂದ ಹಾಗೆ, ಸದ್ದು ಮಾಡುತ್ತದೆ. ನಾನು ತಿರುಗಿ ನೋಡುವುದಿಲ್ಲ. ಅಂಗಿಯನ್ನು ಬಕೆಟ್ಟಿನಲ್ಲಿ ಅದ್ದಿ, ಹಿಂಡಿ, ಕೊಡವಿ, ಅದೇ ಮೊಳೆಗೆ ನೇತು ಹಾಕುತ್ತೇನೆ.